ಕನ್ನಡದ ಎಂಟು

ಬೆಟಗೇರಿಯ ನಮ್ಮ ಪ್ರೆಸ್ಸಿನ ಓಣಿಗೆ
ಬಾಯಿ ಇಕ್ಕಟ್ಟು, ಟೆಂಪೋ ಹಿಡಿಸದು.
ಒಳಗೆ ಹೊಟ್ಟೆ ಹದಿನೈದು ಫೂಟು, ಆಮೇಲೆ ಗೋಡೆ.
ಕಾಗದದ ರೀಮು ತರುವ ಬುಲೆಟ್ಟು ಒಳಗೆ ಬರುತ್ತದೆ,
ಬಂದದ್ದು ತಿರುಗುವುದಿಲ್ಲ.

ಫಕೀರಪ್ಪ ಸೊಂಟ ಹಿಡಿದು ಮಲಗಿದ ಮೇಲೆ
ಅದರ ಕೀಲಿಕೈ ನನ್ನ ಮೇಜಿಗೆ ಬಂತು,
ಪಂಚಾಂಗದ ಕರಡು ತಿದ್ದುವವಳ ಮೇಜಿಗೆ.
ಲೂನಾ ಹೊಡೆದ ಕೈಯಲ್ಲವೇ ಎಂದರು ಮಾಲಕರು,
ಆಡು ಕಾಯ್ದವಳಿಗೆ ಕೋಣ ಒಪ್ಪಿಸುವ ಧಾಟಿಯಲ್ಲಿ.

ಮುಂದೆ ಒಂದು ಮಾರು, ಕಾಲೂರಿ ಹಿಂದೆ ಅರ್ಧ ಮಾರು,
ಮತ್ತೆ ಮುಂದೆ. ಚಹಾದಂಗಡಿ ಕಟ್ಟೆಯ ಹುಡುಗರು
ಎಣಿಸುತ್ತಿದ್ದರು: ಐದ್... ಆರ್... ಏಳ್...
ಒಂಬತ್ತಕ್ಕೆ ಒಮ್ಮೆ ಬಿತ್ತು.
ನೂರಾ ತೊಂಬತ್ತು ಕಿಲೋ ಬೀಳುವುದು ಬೀಳುವುದಲ್ಲ,
ಮಲಗುವುದು; ಉಂಡ ಎಮ್ಮೆಯ ಹಾಗೆ,
ಬ್ಯಾಡ ಬ್ಯಾಡ ಅನ್ನುವಷ್ಟು ಪುರುಸೊತ್ತು ಕೊಟ್ಟು.

ಮೆಕ್ಯಾನಿಕ್ ಹಜರೇಸಾಬ ರವಿವಾರ ಕರೆದ
ಹಳೇ ಹತ್ತಿ ಮಿಲ್ಲಿನ ಬಯಲಿಗೆ.
ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಎಂಟು,
ಇಂಗ್ಲಿಷಿನದು, ಆರ್‌ಟಿಒ ಸಾಹೇಬರು ಕೇಳುವಂಥದು.
‘ಮುಂದಿನ ಬ್ರೇಕ್ ಮರತಬಿಡ್ರಿ, ಅದು ನಿಮ್ಮದಲ್ಲ.
ಎಕ್ಸಲೇಟರ್ ಒಂದ ಮಟ್ಟ, ಅಲುಗಿಸಬ್ಯಾಡ್ರಿ.
ಹಿಂದಿನ ಬ್ರೇಕಿನ ಮ್ಯಾಲೆ ಹೆಬ್ಬಟ್ಟಿನ ಭಾರ.
ಉಳಿದದ್ದೆಲ್ಲಾ ಕ್ಲಚ್. ಪೂರಾ ಹಿಡೀಬ್ಯಾಡ್ರಿ, ಪೂರಾ ಬಿಡಬ್ಯಾಡ್ರಿ,
ನಡಬರಕ ಒಂದ ಕೂದಲೆಳಿ ಜಾಗಾ ಐತಿ,
ಅಲ್ಲೇ ಸಂಸಾರ ಮಾಡ್ರಿ.’

ಆ ಜಾಗ ಹುಡುಕಲು ಮೂರು ರವಿವಾರ.
ಹಿಡಿದರೆ ಇಂಜಿನ್ನು ನಿಂತಲ್ಲೇ ಒದರುತ್ತದೆ,
ಬಿಟ್ಟರೆ ಜಾಲಿಕಂಟಿಗೆ ಒಯ್ಯುತ್ತದೆ.
ರಾತ್ರಿ ಎಡಗೈ ಚರಿಗೆ ಎತ್ತಲೊಲ್ಲದು.
‘ಹದಿನಾಲ್ಕ ಸಲ ಬಿದ್ದ್ರಿ,’ ಲೆಕ್ಕ ಅವನದು.
‘ನೆಲಾ ನೋಡತೀರಿ, ನೆಲಕ್ಕ ಹೊಕ್ಕೀರಿ.’

ಇಪ್ಪತ್ತೆರಡು ವರ್ಷ
ಮೂಗಿನ ಕೆಳಗಿನ ಅಕ್ಷರವನ್ನೇ ನೋಡಿದ ಕಣ್ಣು.
ಅಲ್ಲಿ ಮುಂದಿನ ಸಾಲಿಗೆ ಹಾರಿದರೆ ತಪ್ಪು ಉಳಿಯುತ್ತದೆ,
ಇಲ್ಲಿ ಈ ಸಾಲಿನಲ್ಲೇ ನಿಂತರೆ
ನಾನೇ ತಪ್ಪು.

ನಾಲ್ಕನೇ ರವಿವಾರ ಅವನು ಬರಲಿಲ್ಲ,
ಮುಳಗುಂದದಲ್ಲಿ ಮಗಳ ನಿಕಾಹದ ಮಾತುಕತೆ.
ಸುಣ್ಣದ ಎಂಟನ್ನು ಆಡುಗಳು ತುಳಿದು ಅಳಿಸಿದ್ದವು.
ಗೆರೆ ಇಲ್ಲದ ನೆಲಕ್ಕೆ ನನಗೆ ಗೊತ್ತಿದ್ದನ್ನು ಬರೆದೆ:
ಮೊದಲು ಸೊನ್ನೆ. ಆಮೇಲೆ ಬಾಯಿ ತೆರೆದ ಒಂದು.
ತನ್ನ ದಾರಿ ತಾನೇ ದಾಟುವ ನಾಲ್ಕು.
ತಿಥಿಯ ಪಕ್ಕ ದಿನಾ ತಿದ್ದುವ ಅಂಕಿಗಳು
ಇಷ್ಟು ಗುಂಡಗಿವೆ ಎಂದು ತಿಳಿದದ್ದು
ಹ್ಯಾಂಡಲ್ಲು ಇನ್ನು ತಿರುಗದು ಎಂದು ಟಕ್ಕೆಂದಾಗ.
ಗಾಡಿ ಒಳಗೆ ವಾಲಿತು, ನಾನು ಹೊರಗೆ ಸರಿದೆ,
ತುಂಬಿದ ಕೊಡ ಸೊಂಟಕ್ಕಿಟ್ಟವಳು
ಆಚೆ ಬದಿಗೆ ಬಾಗುವ ಹಾಗೆ.
ಇದನ್ನು ಹಜರೇಸಾಬ ಹೇಳಿರಲಿಲ್ಲ.
ಸೊಂಟಕ್ಕೆ ಗೊತ್ತಿತ್ತು.

ಎಂಟಕ್ಕೆ ಬಂದಾಗ ನಗು ಬಂತು.
ಸಾಹೇಬರ ಎಂಟು ಹೊರಟಲ್ಲಿಗೇ ಬಂದು ಮುಚ್ಚಿಕೊಳ್ಳುತ್ತದೆ.
ನಮ್ಮ ೮ ಹಾಗಲ್ಲ,
ಹೊಟ್ಟೆ ತುಂಬ ಹೊರಳಿ
ಹೊರಗೆ ಹೋಗಲಿಕ್ಕೆ ದಾರಿ ಇಟ್ಟುಕೊಂಡಿದೆ.

ಸೋಮವಾರ. ಆರು ರೀಮು ಇಳಿಸಿ
ಗೋಡೆಗೆ ಮುಖ ಮಾಡಿ ಕೂತೆ. ಒಂದನೇ ಗೇರು.
ಬಲಭುಜದ ಮೇಲಿಂದ ಕುತ್ತಿಗೆ ತಿರುವಿ
ಓಣಿಯ ಬಾಯಲ್ಲಿನ ಬೇವಿನ ಗಿಡ ನೋಡಿದೆ, ಅದನ್ನಷ್ಟೇ.
ಎಡಕ್ಕೆ ಗಟಾರ ಕರೆಯಿತು, ಓ ಅನ್ನಲಿಲ್ಲ.
ಕಟ್ಟೆಯ ಮೇಲೆ ಒಬ್ಬ ‘ಒಂದ್’ ಅಂದ,
ಎರಡಕ್ಕೆ ತೆರೆದ ಬಾಯಿ
ತೆರೆದೇ ಇತ್ತು ನಾನು ದಾಟುವಾಗ.

ಮಂಗಳವಾರ ಬೇವಿನ ಕೆಳಗೆ ಮಾಲಕರು ನಿಂತಿದ್ದರು.
ಗಿಡ ಬಿಟ್ಟು ಅವರ ಮುಖ ನೋಡಿದೆ.
ಗಾಡಿ ಅವರತ್ತಲೇ ಹೊರಟಿತು,
ನನ್ನದಲ್ಲದ ಬ್ರೇಕು ಹಿಡಿದೆ.

ಬಾಗಿದ ಲಿವರ್ ನೆಟ್ಟಗೆ ಮಾಡುತ್ತ ಹಜರೇಸಾಬ
ತಲೆ ಎತ್ತದೆ ಅಂದ:
‘ಹದಿನೈದ್ರಿ ಅಕ್ಕಾರ.’