ನುಸಿ

ಯೆಲ್ ದ್ವೀಪದಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ.
ಗಾಳಿ ಮುಚ್ಚುತ್ತದೆ, ಗಾಳಿಯೇ ತೆಗೆಯುತ್ತದೆ.
ನಾನೂ ತಟ್ಟಲಿಲ್ಲ. ಮಂಗಳವಾರದ ಮೊದಲ ಫೆರಿ ಇಳಿದು
ಸ್ಕ್ರೂಡ್ರೈವರಿನ ಚೀಲ ಹೆಗಲಿಗೇರಿಸಿ
ನೇರ ಅಡುಗೆಮನೆಗೇ ಹೋದೆ.

ಒಸ್ಲಾ ಮ್ಯಾನ್ಸನ್ ಏಳಲೂ ಇಲ್ಲ.
ಕೈಯಲ್ಲಿ ಸೂಜಿ ಓಡುತ್ತಿತ್ತು, ಕಣ್ಣು ಮಾತ್ರ
ಮೂಲೆಯ ಕಂಪ್ಯೂಟರಿನ ಮೇಲೆ,
ಕೆಮ್ಮುವ ಕುರಿಯ ಮೇಲೆ ಇಟ್ಟಂತೆ.

"ಅದೇ ಹೇಳಿತು," ಅಂದಳು, "ಕೆಂಪು ಅಕ್ಷರದಲ್ಲಿ:
ಒಳಗೆ ಹದಿನೇಳು ವೈರಸ್ಸುಗಳಿವೆ,
ಓಡಿಸಲು ಇಲ್ಲಿ ಒತ್ತಿ.
ಒತ್ತಿದೆ.
ಮನೆಗೆ ಬೆಂಕಿ ಬಿದ್ದಿದೆ ಅಂತ ಓಡಿಬಂದವನನ್ನು
ನಿನ್ನ ಹೆಸರೇನು ಅಂತ ಕೇಳುತ್ತಾರೇನು?"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.
ಮೂವತ್ತೊಂದು ವರ್ಷದ ಹೆಣಿಗೆಯ ನಮೂನೆಗಳು,
ಅವಳ ಅತ್ತೆಯದು, ಅತ್ತೆಯ ಅಕ್ಕನದು,
ಮುಳುಗಿದ ದೋಣಿಯಿಂದ ತೇಲಿಬಂದವನ
ಮೈಮೇಲಿದ್ದದ್ದು ಒಂದು,
ಚೌಕ ಚೌಕ ಎಣಿಸಿ ಏರಿಸಿದ್ದು.
ಎಲ್ಲಕ್ಕೂ ಈಗ ಒಂದೇ ಬಾಲ, ಅರ್ಥವಿಲ್ಲದ ಐದಕ್ಷರ.
ಪರದೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು:
ದುಡ್ಡು ಕೊಡಿ, ಕೀಲಿ ಕೊಡುತ್ತೇವೆ.

ಮೊದಲು ತಂತಿ ಕಿತ್ತೆ.
ಆಮೇಲೆ ಕೇಳಿದೆ, ಉತ್ತರ ಗೊತ್ತಿದ್ದೂ:
ಇನ್ನೊಂದು ಪ್ರತಿ? ಬೇರೆ ಡಿಸ್ಕಿನಲ್ಲಿ?
ಕೊನೆಯ ಅಪ್‌ಡೇಟ್ ಯಾವಾಗ?
"ಅದು ಕೇಳುತ್ತಲೇ ಇತ್ತು, ದಿನಾ ಸಂಜೆ.
'ನಾಳೆ' ಅಂತ ಒಂದು ಗುಂಡಿ ಇತ್ತಲ್ಲ,
ಅದನ್ನೇ ಒತ್ತುತ್ತಿದ್ದೆ. ಎಷ್ಟು ಒಳ್ಳೆಯ ಗುಂಡಿ."

ಕೋಟೆ ಸೂರೆಹೋದ ಮೇಲೆ ದಿಡ್ಡಿ ಮುಚ್ಚುವವನು ನಾನು,
ಅದೇ ನನ್ನ ಹೊಟ್ಟೆಪಾಡು. ಆದರೂ
ಪಾಠ ಶುರುಮಾಡಿದೆ. ಎರಡು ವಾಕ್ಯ ಆಗಿರಬಹುದು,
ಅವಳು ಸೂಜಿ ಕೆಳಗಿಟ್ಟು
ಮಂಚದಡಿಯ ಪೆಟ್ಟಿಗೆ ಎಳೆದಳು.

ಒಳಗೆ ಅಂಗೈಯಗಲದ ಉಣ್ಣೆಯ ಚೌಕಗಳು.
ಪರದೆಗೇರಿಸುವ ಮುನ್ನ ಪ್ರತಿ ನಮೂನೆಯನ್ನೂ
ಒಮ್ಮೆ ಹೆಣೆದು ನೋಡಿದ್ದಳಂತೆ. ಇನ್ನೂರ ನಲವತ್ತು.
ಮೂವತ್ತೆಂಟಕ್ಕೆ ನುಸಿ ಹಿಡಿದಿತ್ತು.
ಒಂದನ್ನು ಕಿಟಕಿಗೆ ಹಿಡಿದಳು: ತೂತಿನಾಚೆ
ಸಮುದ್ರದ ಒಂದು ಚೂರು.

"ನೋಡು," ಅಂದಳು, ಈಗ ಪಾಠ ಅವಳದು,
"ನುಸಿಯೂ ತಟ್ಟಿ ಬರುವುದಿಲ್ಲ.
ಬಿಟ್ಟಿ ಸಿಕ್ಕ ಸ್ವೆಟರಿನ ಕಂಕುಳಲ್ಲಿ ಬರುತ್ತದೆ.
ಹಾರುವುದು ಕಣ್ಣಿಗೆ ಬೀಳುತ್ತದೆ, ತಿನ್ನುವುದು ಬೀಳುವುದಿಲ್ಲ.
ಹೊಸದು ಬಂದರೆ ಬೇರೆ ಇಡು, ತಣ್ಣಗೆ, ಮೂರು ವಾರ.
ವರ್ಷಕ್ಕೆರಡು ಸಲ ಬಿಚ್ಚಿ ಕೊಡವು.
ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡ.
ಇಷ್ಟೇ ತಾನೆ ನೀನು ಹೇಳಬಂದದ್ದು?"

ಇಷ್ಟೇ.
ಬಿಲ್ಲಿನಲ್ಲಿದ್ದ 'ಸಲಹೆ' ಎಂಬ ಸಾಲು ಹೊಡೆದುಹಾಕಿದೆ.

ದುಡ್ಡು ಕೊಡಲಿಲ್ಲ ಅವಳು. ಗಡಿಯಾರ ಸೊನ್ನೆಗೆ ಬಂದಾಗ
ನಾವು ಕುರಿಮಾಂಸದ ಸಾರು ಉಣ್ಣುತ್ತಿದ್ದೆವು.
ಡಿಸ್ಕನ್ನು ಒರೆಸಿ, ಬರಿದುಮಾಡಿ, ಹೊಸದಾಗಿ ತುಂಬಿದೆ.
ಪಾಸ್‌ವರ್ಡ್ ಉದ್ದವಿರಲಿ ಅಂದೆ,
ಚೀಟಿಯಲ್ಲಿ ಬರೆದಿಡಬೇಡ,
ಬೆಕ್ಕಿನ ಹೆಸರಂತೂ ಬೇಡವೇ ಬೇಡ.

ಏಪ್ರಿಲ್‌ನಲ್ಲಿ ಮತ್ತೆ ಹೋದೆ, ಹೊಸ ಡಿಸ್ಕು ಹಿಡಿದು.
ಬಾಗಿಲು ಎಂದಿನಂತೆ ತೆರೆದೇ ಇತ್ತು,
ಕಂಪ್ಯೂಟರ್ ಮಾತ್ರ ಬೀಗ ಹಾಕಿಕೊಂಡಿತ್ತು.
ಅವಳು ಒಮ್ಮೆ ಟೀಪಾಟಿನ ಕಡೆ ನೋಡಿ
ಬೆರಳಾಡಿಸಿದಳು. ತೆರೆಯಿತು.
ಇನ್ನೂರ ಎರಡನ್ನೂ ಮತ್ತೆ ಏರಿಸಿದ್ದಳು.
ಮೂವತ್ತೆಂಟರ ಜಾಗ ಖಾಲಿ,
ಹೆಣೆದವರ ಹೆಸರು ಮಾತ್ರ ಬರೆದಿತ್ತು.

ಟೀಪಾಟಿನ ಉಣ್ಣೆಯ ಟೋಪಿ ಹೊಸದು.
ಅಂಚಿನ ಸುತ್ತ ಮೂರು ನೀಲಿ, ಒಂದು ಬಿಳಿ,
ಏಳು ನೀಲಿ, ಎರಡು ಬಿಳಿ,
ಮತ್ತೆ
ಎಣಿಸುವುದನ್ನು ಅರ್ಧಕ್ಕೇ ಬಿಟ್ಟು
ಕಪ್ಪನ್ನು ಮುಂದೆ ಚಾಚಿದೆ.