ಎಲೆಯನ್ನು ಬೆಳಕಿಗೆ ಹಿಡಿದು

ಪೊದೆ. ಸೊಂಟದೆತ್ತರ. ಬುಡದಲ್ಲೇ ಹಲವು ಕವಲು.
ಎಲೆ ದಪ್ಪ, ತುದಿ ಹಿಂದಕ್ಕೆ ಬಾಗಿದೆ,
ಅಂಚಿಗೆ ಸಣ್ಣ ಹಲ್ಲು, ಹಲ್ಲುಗಳ ಸಂದಿನಲ್ಲಿ ಎಣ್ಣೆಚುಕ್ಕೆ.
ಹೂ ಬಿಳಿ, ಎಸಳು ಐದು, ಕೇಸರ ಐದು,
ಅವುಗಳ ನಡುವೆ ಇನ್ನೂ ಐದು ಬರಡು ಕೇಸರ:
ಕೊಡಲು ಪರಾಗವಿಲ್ಲ,
ಆದರೂ ಸಾಲು ಬಿಟ್ಟು ಸರಿದಿಲ್ಲ.
ಕುಟುಂಬ: ನಿಂಬೆ, ಬಿಲ್ವ, ಕರಿಬೇವು ಇವರದೇ.

ಇಷ್ಟು ಬರೆದು ಪೆನ್ಸಿಲ್ ಕಚ್ಚುತ್ತ ಕೂತೆ
ಸೆಡರ್‌ಬರ್ಗ್‌ನ ಕೆಂಪು ಬಂಡೆಯ ನೆರಳಲ್ಲಿ.
ವಾಸನೆಯ ಕಾಲಂ ಖಾಲಿ.
ಏನಂತ ಬರೆಯಲಿ? ಪುದೀನ, ನಿಂಬೆಯ ಸಿಪ್ಪೆ,
ಮತ್ತೆ, ಸುಳ್ಳೇಕೆ, ಒಂದಿಷ್ಟು ಬೆಕ್ಕು.

ಹೆಸರಿಟ್ಟವನು ಬರ್ಚ್ ಮರಗಳ ನಾಡಿನವನಂತೆ.
ಹಡಗು ಹತ್ತಿ ಬಂದ ಒಣರೆಂಬೆ ನೋಡಿ
ತನ್ನೂರ ಎಲೆ ನೆನೆದು
‘ಬೆಟುಲಿನಾ’ ಎಂದನೇನೋ.
ಈ ಇಳಿಜಾರಿನಲ್ಲಿ ನಾನು ಒಂದು ಬರ್ಚ್ ಕಂಡಿಲ್ಲ.

ಫ್ರೆಡ್ರಿಕಾ ಸಾಲೋಮೊ ಕುಡುಗೋಲು ಒರೆಸುತ್ತ ನಗುತ್ತಾಳೆ.
ಅವಳಿಗೆ ಇದು ಬುಚು, ಅಷ್ಟೇ.
ಅಜ್ಜಿಯ ಅಜ್ಜಿ ಇದನ್ನು ಕೂಗಿದ ಭಾಷೆಯಲ್ಲಿ
ನಾಲಿಗೆ ಚಿಟಿಕೆ ಹೊಡೆಯುತ್ತಿತ್ತಂತೆ.
ಆ ಚಿಟಿಕೆ ಮನೆಯಲ್ಲೀಗ ಯಾರಿಗೂ ಬಾರದು.
ಹೊಟ್ಟೆನೋವಿಗೆ ಕಷಾಯ ಮಾತ್ರ ಬರುತ್ತದೆ.

ನನ್ನ ತಕರಾರು ಬೇರೆ.
ದುಂಡೆಲೆಯದು ಒಂದು ಜಾತಿ, ಉದ್ದೆಲೆಯದು ಇನ್ನೊಂದು,
ನಡುವೆ ಸಿಕ್ಕಿದ್ದು ಈ ರೆಂಬೆ.
ಉದ್ದವನ್ನು ಅಗಲದಿಂದ ಭಾಗಿಸಿದೆ, ಮೂರು ಸಲ.
ಎರಡು ಕಾಲು. ಎರಡು ಕಾಲು. ಎರಡು ಕಾಲು.
ಎರಡು ಮನೆಯವರೂ ಒಳಗೆ ಕರೆಯದ ಲೆಕ್ಕ.

“ಎಲೆಯನ್ನೇನು ಕೇಳ್ತೀಯ, ಬೆಂಕಿಯನ್ನ ಕೇಳು” ಅಂದಳು.
“ದುಂಡೆಲೆ ಸುಟ್ಟರೂ ಬುಡದಿಂದ ಚಿಗುರತ್ತೆ.
ಉದ್ದೆಲೆ ಸತ್ತೇ ಹೋಗತ್ತೆ. ಇರುವೆ ಹೂತಿಟ್ಟ ಬೀಜ ಇದ್ದರೆ
ಅದು ಎದ್ದರೆ ಎದ್ದಿತು.”

ಇದು?

ಮಂಡಿಯೂರಿ ಬುಡದ ಮಣ್ಣು ಕೆದಕಿದಳು.
ಮುಷ್ಟಿಗಾತ್ರದ ಗಂಟು, ಒಂದು ಮಗ್ಗುಲು ಇದ್ದಲು,
ಇನ್ನೊಂದು ಮಗ್ಗುಲಿನಿಂದ ಎದ್ದ ನಾಲ್ಕು ಕಡ್ಡಿ.
ಬೆರಳು ಮಡಿಸಿ ವರ್ಷ ಎಣಿಸಿದಳು, ನಿಲ್ಲಿಸಿದಳು.
“ಆ ಬೆಂಕೀಲೇ ನಮ್ಮ ಮಾಡು ಹೋಗಿದ್ದು.
ಹುಲ್ಲಿನ ಮಾಡು. ಈಗ ತಗಡು ಹಾಕಿದ್ದೀವಿ,
ಬೇಸಿಗೇಲಿ ಒಳಗೆ ಕೂರೋಕಾಗಲ್ಲ.”
ಮಣ್ಣು ಮುಚ್ಚಿ, ಅಂಗೈಯಿಂದ ಎರಡು ಸಲ ತಟ್ಟಿದಳು.

ರೆಂಬೆಯನ್ನು ಕಾಗದದ ನಡುವಿಟ್ಟು ಬೆಲ್ಟ್ ಬಿಗಿದೆ.
ಸಂಗ್ರಹಿಸಿದವರು: ಎಫ್. ಸಾಲೋಮೊ. ನನ್ನ ಹೆಸರು ಕೆಳಗೆ.
ಜಾತಿ ಎಂಬಲ್ಲಿ
ಒಂದು ಬರೆದೆ, ಅಳಿಸಿದೆ, ಇನ್ನೊಂದು ಬರೆದೆ, ಅಳಿಸಿದೆ.

ಅವಳು ಒಂದೆಲೆ ಕಿತ್ತು ಸೂರ್ಯನಿಗೆ ಹಿಡಿದು ತೋರಿಸಿದಳು:
ಸೂಜಿ ಚುಚ್ಚಿದ ಹಾಗೆ ಎಲೆ ತುಂಬ ಬೆಳಕಿನ ತೂತು,
ವಾಸನೆ ಇರುವುದು ಅಲ್ಲೇ.
ನಾನು ಚೀಟಿ ಎತ್ತಿ ಹಿಡಿದೆ.
ಅಳಿಸಿ ಅಳಿಸಿ ತೆಳ್ಳಗಾದ ಜಾಗದಲ್ಲಿ
ಅಲ್ಲೂ ಬಿಸಿಲು ತೂರಿ ಬರುತ್ತಿತ್ತು.