ಎಡಗೈ ಸುತ್ತು

ಮೀಟರಿನೊಳಗೆ ಒಂದು ಕೆಂಪು ಚುಕ್ಕಿ ಇದೆ,
ಹುರುಳಿಕಾಳಿನಷ್ಟು.
ಮನೆಯ ನಲ್ಲಿಗಳನ್ನೆಲ್ಲ ಬಿಗಿಮಾಡಿ, ರಾತ್ರಿ ಹನ್ನೊಂದಕ್ಕೆ
ಟಾರ್ಚು ಬಿಟ್ಟು ನೋಡಿದೆ:
ತಿರುಗುತ್ತಿತ್ತು.
ಯಾರೂ ಕುಡಿಯದ, ಯಾರೂ ಮೀಯದ ನೀರು
ಎಲ್ಲಿಗೋ ಹೋಗುತ್ತಲೇ ಇತ್ತು, ನನ್ನ ಲೆಕ್ಕದಲ್ಲಿ.

ಬಚ್ಚಲ ಗೋಡೆಗೆ ಮೊದಲು ಬೆವರು, ಆಮೇಲೆ ಪಾಚಿ,
ಆಮೇಲೆ ಸುಣ್ಣ ಹಪ್ಪಳದ ಹಾಗೆ ಎದ್ದು
ಆಚೆ ರೂಮಿನಲ್ಲಿ
ಗಿರಾಕಿಗಳ ರವಿಕೆ ಬಟ್ಟೆ ಇಟ್ಟ ಬೀರುವಿನ ಬೆನ್ನಿಗೆ ಬಂತು.

ಮೊದಲನೆಯವನು ಅಗ್ರಹಾರದಿಂದ ಬಂದ.
ಗೋಡೆ ನೋಡಲಿಲ್ಲ. ನನ್ನ ಮೆಷಿನ್ನು ನೋಡಿದ, ಟೀವಿ ನೋಡಿದ,
‘ಇಪ್ಪತ್ತೆಂಟು ಸಾವಿರ ಆಗುತ್ತಮ್ಮ, ಟೈಲ್ಸು ಬೇರೆ’ ಅಂದ.
ಎರಡನೆಯವನು ಮುಂಗಡ ಇಸಕೊಂಡು
ಎಲ್ಬೋ ತರುತ್ತೇನೆಂದು ಹೋದವನು
ಇನ್ನೂ ಸಂತೇಪೇಟೆಯಲ್ಲಿ ಹುಡುಕುತ್ತಿದ್ದಾನೆ.
ಮೂರನೆಯ ಹುಡುಗ ಒಳ್ಳೆಯವನೇ,
ಎಮ್‌ಸೀಲ್ ಮೆತ್ತಿ ಕೈಮುಗಿದು ಹೋದ.
ಎಮ್‌ಸೀಲೂ ಎರಡು ದಿನ ಒಳ್ಳೆಯದಾಗೇ ಇತ್ತು.

ಮೀಟರು ಪೆಟ್ಟಿಗೆಯ ಹಲಗೆ ಬಾಗಿಲ ಒಳಮೈಗೆ
ಪೆನ್ಸಿಲಿನಲ್ಲಿ ಬರೆದಿಟ್ಟ ನಂಬರುಗಳ ಮೇಲೆ
ಒಂದೊಂದೇ ಗೀಟು ಎಳೆಯುತ್ತ ಬಂದೆ.

ಚೌರಪ್ಪನನ್ನು ಕಳಿಸಿದ್ದು ಹಾಲಿನ ಬೂತಿನ ಪಂಕಜ.
‘ಮಾತಿಲ್ಲ. ಬೀಡಿ ಇದೆ. ಹೇಳಿದ ದಿನ ಬರ್ತಾನೆ’ ಅಂದಳು.
ಹೇಳಿದ ದಿನ ಬರ್ತಾನಾ?
ಎರಡು ಸಲ ಕೇಳಿದೆ.

ಬಂದ. ಚಪ್ಪಲಿ ಹೊರಗೆ ಬಿಟ್ಟ. ಒಂದು ಲೋಟ ಕೇಳಿದ.
ಕಾಫಿಗೆಂದು ಒಳಗೆ ಹೊರಟರೆ ‘ಖಾಲಿ ಲೋಟ ಸಾಕು.’
ಅದರ ಬಾಯಿ ಗೋಡೆಗೆ, ತಳ ಕಿವಿಗೆ,
ಪಕ್ಕದ ಮನೆಯ ಜಗಳ ಕೇಳುವವನ ಹಾಗೆ
ಗೇಣುಗೇಣೇ ಸರಿದ.
ಬೀದಿಯಲ್ಲಿ ಹಳೇ ಪೇಪರಿನವನು ಕೂಗಿದಾಗ
ಅವನ ದನಿ ತಿರುವು ದಾಟುವ ತನಕ ಕಣ್ಣುಮುಚ್ಚಿ ಕಾದ.
‘ಇಲ್ಲಿ.’
ನಾನು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಇಸಕೊಂಡು
ಒಂದು ಸೊನ್ನೆ ಬರೆದ. ಒಂದೇ ಟೈಲು.

ಉಳಿ ಬಲಗೈಲಿ, ಸುತ್ತಿಗೆ ಎಡಗೈಲಿ.
ಇಟ್ಟಿಗೆ ಪುಡಿ, ತುಕ್ಕು, ಆಮೇಲೆ ಪೈಪಿನ ಮೊಣಕೈ,
ಅಲ್ಲಿಂದ ಸೂಜಿಗಣ್ಣು ದಾಟುವಷ್ಟು ತೆಳುವಾಗಿ ನೀರು.
ಬಿಚ್ಚಿ ತೆಗೆದ.
ತಿರುಪಿಗೆ ಸುತ್ತಿದ್ದ ಸೆಣಬಿನ ನೂಲನ್ನು
ಬಹಳ ಹೊತ್ತು ನೋಡಿದ.

‘ಈ ಮನೆಗೆ ಪೈಪು ಎಳೆದದ್ದು ಯಾರು?’
ನಮ್ಮ ಮಾವ ಮಾಡಿಸಿದ್ದು,
ಮಂಡಿ ಮೊಹಲ್ಲಾದ ಖುದ್ದೂಸ್ ಮೇಸ್ತ್ರಿ ಅಂತ...
‘ಮೇಸ್ತ್ರಿ ಅಲ್ಲ. ಮೇಸ್ತ್ರಿದು ಬಲಗೈ.
ಇದು ಉಲ್ಟಾ ಸುತ್ತು. ಎಡಗೈದು. ನನ್ನದು.
ಹದಿನೇಳು ವರ್ಷ ಆಗ. ಶನಿವಾರ, ಬಟವಾಡೆ ದಿನ,
ಸಂಜೆ ಆಟಕ್ಕೆ ಟಿಕೆಟ್ ತೆಗೆದಿದ್ದೆ.
ಎಂಟು ಸುತ್ತು ಹಾಕಬೇಕಿತ್ತು. ನಾಲ್ಕು ಹಾಕಿದೆ.’

ಸಿನಿಮಾ ಚೆನ್ನಾಗಿತ್ತಾ? ಅಂದೆ,
ಏನು ಹೇಳಬೇಕೋ ತಿಳಿಯದೆ.
‘ನೆನಪಿಲ್ಲ.’

ಹೊಸ ಎಲ್ಬೋ ನೂರಾ ಹತ್ತು, ಬಿಲ್ಲು ಕೊಟ್ಟ.
ಸಿಮೆಂಟಿಗೆ ನಲವತ್ತು. ಕೂಲಿ ಕೇಳಲಿಲ್ಲ.
ಕೊಡಹೋದರೆ
‘ಈ ಕೆಲಸದ್ದು ಆ ಶನಿವಾರವೇ ತಗೊಂಡಿದ್ದೀನಿ’ ಅಂದ.
ಬಲವಂತ ಮಾಡಬಾರದೆನಿಸಿತು. ಮಾಡಲಿಲ್ಲ.

ಅವನು ಹೋದ ಮೇಲೆ ಮೆಷಿನ್ನಿಗೆ ಕೂತೆ.
ಕಾಲು ಓಡಲಿಲ್ಲ.
ಇಟ್ಟಿಗೆಗೂಡಿನ ಟೀಚರಮ್ಮನೊಬ್ಬರ ನೀಲಿ ರವಿಕೆ:
ದೀಪಾವಳಿಯ ಹಿಂದಿನ ರಾತ್ರಿ, ಕರೆಂಟು ಹೋಗಿ,
ಕಂಕುಳಿಗೆ ಎರಡನೆಯ ಹೊಲಿಗೆ ಹಾಕದೆಯೇ
ಇಸ್ತ್ರಿ ಮಾಡಿ ಮಡಚಿ ಕೊಟ್ಟದ್ದು.
ಎಲ್ಲಿ ಬಿಚ್ಚಿತೋ ಅದು,
ಬಸ್ಸಿನ ಕಂಬಿ ಹಿಡಿದಾಗಲೋ,
ಮಕ್ಕಳ ಮುಂದೆ, ಬೋರ್ಡಿನ ಮೇಲ್ತುದಿಗೆ ತಾರೀಖು ಬರೆವಾಗಲೋ.
ಆಕೆ ಮತ್ತೆ ಬರಲಿಲ್ಲ.
ಬೇರೆ ಕಡೆ ಅಗ್ಗ ಸಿಕ್ಕಿರಬೇಕು, ಅಂದುಕೊಂಡಿದ್ದೆ ಇಷ್ಟು ವರ್ಷ.

ರಾತ್ರಿ ಹನ್ನೊಂದಕ್ಕೆ ಮತ್ತೆ ಟಾರ್ಚು.
ಕೆಂಪು ಚುಕ್ಕಿ ನಿಂತಿತ್ತು.
ನಿಂತದ್ದನ್ನೂ ನಂಬದೆ ಇನ್ನಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತೆ.

ಹಲಗೆಯ ಮೇಲೆ, ಗೀಟು ತಿಂದವರ ಕೆಳಗೆ,
ಹೋಗುವಾಗ ಅವನೇ ಬರೆದ ನಂಬರು.
ಬರೆದ ಕೈಯೇ ಅಂಕಿಗಳ ಮೇಲೆ ಉಜ್ಜಿಕೊಂಡು ಹೋಗಿ
ಎಲ್ಲ ಮಸುಕು.
ಕೊನೆಯದು ಒಂದೋ, ಏಳೋ.
ಬೆಳಿಗ್ಗೆ ಹಾಲಿಗೆ ಹೋದಾಗ ಪಂಕಜನ್ನ ಕೇಳಬೇಕು.